ಬೇರೆಯವರ ಪಂಚಾಂಗದ ಅಂಚಿನಲ್ಲಿ

ನನ್ನ ಅಜ್ಜಿ, ಅಂದರೆ ಅಮ್ಮನ ಅಮ್ಮ, ತನ್ನ ತಾಯಿಯ ವಿಷಯ ಬಂದಾಗಲೆಲ್ಲ ಹೇಳುತ್ತಿದ್ದುದು ಒಂದೇ ಮಾತು. "ಎನ್ನ ಅಬ್ಬೆ ಹೊಸಮನೆಂದ ಹೊಳೆ ದಾಂಟಿ ಬಂದದು. ಮತ್ತೆ ಹೋಯಿದಿಲ್ಲೆ." ಅದಕ್ಕಿಂತ ಮುಂದೆ ಏನಾದರೂ ಕೇಳಿದರೆ, ಮೆಟ್ಟುಕತ್ತಿಯಲ್ಲಿ ಸೌತೆ ಹೆಚ್ಚುತ್ತಿದ್ದವಳು ಇನ್ನಷ್ಟು ತಲೆ ತಗ್ಗಿಸಿ ಹೆಚ್ಚುವುದನ್ನೇ ಮುಂದುವರಿಸುತ್ತಿದ್ದಳು. ನಾನು ಕಾಲೇಜಿನಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ಆ ಎರಡು ವಾಕ್ಯಗಳು ಮಾತ್ರ ಮನೆಯಲ್ಲಿ ಉಳಿದವು. ಮದುವೆಯಾಗಿ ಬಂದ ಹೆಣ್ಣು ಮತ್ತೆ ಒಮ್ಮೆಯೂ ತವರಿಗೆ ಹೋಗಲಿಲ್ಲ ಎಂದರೆ ಅದಕ್ಕೊಂದು ಕಾರಣ ಇರಲೇಬೇಕೆಂದು ಮನೆಯವರೆಲ್ಲ ತಮಗೆ ತೋಚಿದ ಕಾರಣವನ್ನು ಕಟ್ಟಿಕೊಂಡಿದ್ದರು. ಕೊಡುತ್ತೇವೆಂದ ಚಿನ್ನ ಕೊಡದೆ ಜಗಳವಾಯಿತು ಎಂಬುದು ಸೋದರಮಾವನ ಕಥೆ. ಮದುವೆಯ ಊಟದಲ್ಲಿ ಬೀಗರಿಗೆ ಅವಮಾನವಾಯಿತು ಎಂಬುದು ಚಿಕ್ಕಮ್ಮನ ಕಥೆ. ಮುತ್ತಜ್ಜಿ ಮಹಾ ಹಟಮಾರಿ ಎಂಬಲ್ಲಿಗೆ ಎರಡೂ ಕಥೆಗಳು ಬಂದು ನಿಲ್ಲುತ್ತಿದ್ದವು, ಮತ್ತು ನಮ್ಮ ಮನೆಯಲ್ಲಿ ಯಾವ ಹುಡುಗಿ ಹಟ ಹಿಡಿದರೂ "ಹೊಸಮನೆಯ ರಕ್ತ" ಎನ್ನುವುದು ರೂಢಿಯಾಗಿಬಿಟ್ಟಿತ್ತು. ಆ ಮಾತನ್ನು ಅತಿ ಹೆಚ್ಚು ಸಲ ಕೇಳಿಸಿಕೊಂಡವಳು ನಾನೇ ಆದ್ದರಿಂದ ಆ ಹೊಸಮನೆ ಎಲ್ಲಿದೆ ಎಂದು ಹುಡುಕುವ ಹಕ್ಕೂ ನನಗೇ ಇದೆ ಎಂದುಕೊಂಡೆ.

ಹುಡುಕುವುದು ಸುಲಭವಿರಲಿಲ್ಲ. ಕಾಸರಗೋಡಿನ ಕುಂಬಳೆ ಸೀಮೆಯಲ್ಲಿ ಹೊಸಮನೆ ಎಂಬ ಹೆಸರಿನ ಮನೆ ಇಲ್ಲದ ಗ್ರಾಮವನ್ನು ಕಾಣುವುದೇ ಕಷ್ಟ. ಎಂದೋ ಒಂದು ಕಾಲದಲ್ಲಿ ಅಣ್ಣತಮ್ಮಂದಿರು ಪಾಲಾಗಿ, ಒಬ್ಬ ಗುಡ್ಡದ ಬುಡದಲ್ಲಿ ಬೇರೆ ಮನೆ ಕಟ್ಟಿರುತ್ತಾನೆ, ಅದು ಹೊಸಮನೆ. ನೂರೈವತ್ತು ವರ್ಷ ಕಳೆದು ಮಾಡಿನ ಜಂತಿಗೆ ಗೆದ್ದಲು ಹಿಡಿದರೂ ಅದು ಹೊಸಮನೆಯೇ. ಹೊಳೆ ಎಂದರೆ ಯಾವ ಹೊಳೆ? ನಮ್ಮದು ಹನ್ನೆರಡು ಹೊಳೆಗಳ ಜಿಲ್ಲೆ ಎಂದು ಮಕ್ಕಳಿಗೆ ಪಾಠ ಹೇಳುತ್ತೇವೆ. ಇನ್ನು ವ್ಯಕ್ತಿಗಳ ಹೆಸರು ಹಿಡಿದು ಹುಡುಕೋಣವೆಂದರೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಅಡ್ಡ ಬರುತ್ತದೆ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಸುಬ್ರಾಯ, ಅದೇ ಗಣಪತಿ, ಅದೇ ಈಶ್ವರ. ಇಸವಿ ಗೊತ್ತಿಲ್ಲದಿದ್ದರೆ ಅಜ್ಜ ಯಾರು, ಮೊಮ್ಮಗ ಯಾರು ಎಂದು ಬ್ರಹ್ಮನಿಗೂ ತಿಳಿಯದು. ಮುತ್ತಜ್ಜಿಯ ಹೆಸರಂತೂ ಯಾರಿಗೂ ನೆನಪಿರಲಿಲ್ಲ. ಅಮ್ಮನಿಗೆ ಗೊತ್ತಿದ್ದುದು "ಅಜ್ಜಿ" ಎಂಬ ಹೆಸರು ಮಾತ್ರ.

ಅಮ್ಮನಿಗೆ ಈ ಕಾಗದದ ಹುಡುಕಾಟದಲ್ಲಿ ಆಸಕ್ತಿ ಇರಲಿಲ್ಲ. ಯಾವ ಮನೆಯ ಸುದ್ದಿ ಹೇಳಿದರೂ ಅವಳು ಕೇಳುವುದು ಅಲ್ಲಿ ನೀರು ಹೇಗೆ ಎಂದು. ಗುಡ್ಡದ ಮುರಕಲ್ಲಿಗೆ ಅಡ್ಡಲಾಗಿ ಸುರಂಗ ಕೊರೆದು ಬೊಗಸೆ ಬೊಗಸೆ ನೀರು ಕೂಡಿಸಿ ತೋಟ ಮಾಡಿದ ಊರಿನವರಿಗೆ ಅದು ಸಹಜವಾದ ಪ್ರಶ್ನೆ. ಹೆಣ್ಣು ಕೊಡುವ ಮೊದಲು ಜಾತಕ ನೋಡುತ್ತಿದ್ದರೋ ಇಲ್ಲವೋ, ಬೇಸಗೆಯಲ್ಲಿ ಕೆರೆಯ ತಳ ಕಾಣುತ್ತದೆಯೇ ಎಂದು ನೋಡಿ ಬರುತ್ತಿದ್ದರಂತೆ.

ಕಚೇರಿಯ ಮೆಟ್ಟಿಲು

ಮೊದಲು ನಾನು ಹೋದದ್ದು ಕಚೇರಿಗೆ. ದಾಖಲೆ ಎಂದರೆ ಕಚೇರಿ ಎಂಬ ನಂಬಿಕೆ ನಮ್ಮೆಲ್ಲರಲ್ಲೂ ಇದೆ. ಆಸ್ತಿ ದಸ್ತಾವೇಜುಗಳ ನೋಂದಣಿ ಪುಸ್ತಕಗಳಿಗೆ ಎರಡು ಬಗೆಯ ಸೂಚಿಗಳಿರುತ್ತವೆ. ಒಂದು, ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನದು. ಇನ್ನೊಂದು, ಆಸ್ತಿ ಇರುವ ಊರಿನದು. ಹೆಸರಾದರೂ ಗೊತ್ತಿರಬೇಕು, ಊರಾದರೂ ಗೊತ್ತಿರಬೇಕು, ಸುಮಾರಾಗಿ ಇಸವಿಯಾದರೂ ಹೇಳಬೇಕು. ನನ್ನ ಕೈಯಲ್ಲಿ ಇದ್ದುದು ಅಜ್ಜಿಯ ಎರಡು ವಾಕ್ಯಗಳು. ಕಿಟಕಿಯ ಆಚೆ ಕುಳಿತಿದ್ದವರು ಮಲಯಾಳದಲ್ಲಿ ಸಮಾಧಾನದಿಂದಲೇ ಇದನ್ನು ಹೇಳಿದರು. ನಾನು ಕನ್ನಡದಲ್ಲಿ ಕೇಳುತ್ತಿದ್ದೆ, ಅವರು ಮಲಯಾಳದಲ್ಲಿ ಉತ್ತರಿಸುತ್ತಿದ್ದರು, ಇಬ್ಬರಿಗೂ ಅರ್ಥವಾಗುತ್ತಿತ್ತು. ಏನನ್ನು ಹುಡುಕುತ್ತಿದ್ದೇನೆ ಎಂಬುದು ಮೊದಲೇ ಗೊತ್ತಿರುವವನಿಗೆ ಮಾತ್ರ ಕಚೇರಿಯ ದಾಖಲೆ ತೆರೆದುಕೊಳ್ಳುತ್ತದೆ. ಗೊತ್ತಿಲ್ಲದವನು ಸುಮ್ಮನೆ ಕುಳಿತು ಪುಟ ಮಗುಚಲು ಅಲ್ಲಿ ಬೆಂಚು ಇಲ್ಲ.

ಎರಡನೆಯದಾಗಿ ನೋಡಿದ್ದು ಮನೆತನದ ಚರಿತ್ರೆಯ ಪುಸ್ತಿಕೆಗಳನ್ನು. ನಮ್ಮ ಸಂಬಂಧಿಕರಲ್ಲಿ ಮೂರು ನಾಲ್ಕು ಮನೆಯವರು ಇಂತಹವನ್ನು ಅಚ್ಚು ಹಾಕಿಸಿದ್ದಾರೆ. ಹೆಚ್ಚುಕಡಿಮೆ ಎಲ್ಲವೂ ಕದಂಬರ ಮಯೂರವರ್ಮ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದ ಕಥೆಯಿಂದ ಪ್ರಾರಂಭವಾಗುತ್ತವೆ. ಮುಂದಿನ ಪ್ಯಾರಾದಲ್ಲಿ ಒಂದೂವರೆ ಸಾವಿರ ವರ್ಷವನ್ನು ಒಂದೇ ನೆಗೆತಕ್ಕೆ ದಾಟಿ ಮುತ್ತಜ್ಜ ತೋಟ ಮಾಡಿದಲ್ಲಿಗೆ ಬಂದಿಳಿಯುತ್ತವೆ. ಕೊನೆಗೊಂದು ವಂಶವೃಕ್ಷ. ಆ ವೃಕ್ಷದಲ್ಲಿ ಗಂಡುಮಕ್ಕಳಿಂದ ಕೊಂಬೆಗಳು ಚಾಚುತ್ತವೆ. ಹೆಣ್ಣುಮಕ್ಕಳ ಹೆಸರು ಇದ್ದರೆ ಅಲ್ಲಿಗೆ ಕೊಂಬೆ ಮುಗಿಯಿತು. ಕೊಟ್ಟ ಮನೆಯವರ ವೃಕ್ಷದಲ್ಲಿ ನೋಡಿದರೆ ಅವಳು ಯಾರದೋ "ಧರ್ಮಪತ್ನಿ". ಎರಡು ಮರಗಳ ನಡುವೆ ಎಲ್ಲೋ ಒಂದು ಕಡೆ ಅವಳು ಕೆಳಗೆ ಬಿದ್ದುಹೋಗಿರುತ್ತಾಳೆ. ಇದು ನಮ್ಮ ಜಾತಿಯ ಒಂದೇ ಕಥೆಯಲ್ಲ. 1951–52ರ ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರನ್ನು ಬಿಡಬೇಕಾಯಿತು. ಹೆಚ್ಚಿನವರು ಉತ್ತರದ ಕಡೆಯವರು. ಅವರು ತಮ್ಮ ಹೆಸರು ಹೇಳದೆ ಇಂತಹವರ ಹೆಂಡತಿ, ಇಂತಹವರ ತಾಯಿ ಎಂದಷ್ಟೇ ಬರೆಸಿದ್ದರು.

ಮೂರು ಮೊಹರು

ಗ್ರಂಥಾಲಯಕ್ಕೆ ನಾನು ಹುಡುಕಲು ಹೋದದ್ದಲ್ಲ. ಮಂಗಳೂರಿನಿಂದ ಶನಿವಾರ ತವರಿಗೆ ಬಂದಾಗ ಸಂಜೆ ಹೊತ್ತು ಹೋಗಲು ಅದೊಂದು ಜಾಗ, ಅಷ್ಟೆ. ಪೇಟೆಯ ಕೊನೆಯಲ್ಲಿ ಸಹಕಾರಿ ಸಂಘದ ಗೋದಾಮಿನ ಪಕ್ಕದ ಎರಡು ಕೋಣೆಗಳ ಕಟ್ಟಡ. ಸಂಜೆ ಬಾಗಿಲು ತೆರೆಯುತ್ತದೆ. ಪತ್ರಿಕೆ ಓದುವವರು ಜಗಲಿಯಲ್ಲಿ, ಕೇರಂ ಆಡುವ ಹುಡುಗರು ಹಿಂದಿನ ಕೋಣೆಯಲ್ಲಿ. ಒಳಗಿನ ಕಪಾಟುಗಳಲ್ಲಿ ಎಡಕ್ಕೆ ಕನ್ನಡ, ಬಲಕ್ಕೆ ಮಲಯಾಳ. ವರ್ಷ ವರ್ಷ ಬಲಗಡೆಯದು ಬೆಳೆಯುತ್ತದೆ, ಎಡಗಡೆಯದು ಹಳತಾಗುತ್ತದೆ. ಗ್ರಂಥಪಾಲಕಿ ಮಲಯಾಳ ಮನೆಮಾತಿನ ಹುಡುಗಿ. ಕನ್ನಡವನ್ನು ನೆರೆಕರೆಯಿಂದ ಕಲಿತವಳು. ಮಾತಾಡುವುದು ಸರಾಗ, ಓದುವುದು ನಿಧಾನ. ನನ್ನದು ಅದರ ತಿರುವುಮುರುವು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಮಲಯಾಳ ಲಿಪಿ ಇಂದಿಗೂ ಬಸ್ಸಿನ ಬೋರ್ಡಿನ ಮಟ್ಟದ್ದು.

ಮೊದಲ ಬಾರಿಗೆ ನನ್ನ ಗಮನ ಸೆಳೆದದ್ದು ಒಂದು ಹಳೆಯ ಕನ್ನಡ ಪುಸ್ತಕದ ಒಳಪುಟ. ಅದರ ಮೇಲೆ ಒಂದರ ಪಕ್ಕ ಒಂದು ಮೂರು ಮೊಹರುಗಳಿದ್ದವು. ಅತ್ಯಂತ ಮಸುಕಾದುದರಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಎಂದಿತ್ತು, ಎರಡನೆಯದರಲ್ಲಿ ಕಣ್ಣೂರು ಜಿಲ್ಲೆ, ಮೂರನೆಯದರಲ್ಲಿ ಕಾಸರಗೋಡು ಜಿಲ್ಲೆ. ಪುಸ್ತಕ ಕಪಾಟು ಬಿಟ್ಟು ಕದಲಿರಲಿಲ್ಲ. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು, 1957ರ ಜನವರಿಯಲ್ಲಿ ಕಣ್ಣೂರು ಜಿಲ್ಲೆಯ ಭಾಗವಾಯಿತು, 1984ರ ಮೇ 24ರಂದು ತಾನೇ ಜಿಲ್ಲೆಯಾಯಿತು. ನಮ್ಮ ಗಡಿನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮನೆತನದ ಚರಿತ್ರೆ ಹುಡುಕುವವರಿಗೆ ಇದರ ಅರ್ಥ ಬೇರೆ. ಮನೆಯೊಂದು ನಿಂತಲ್ಲೇ ನಿಂತಿರುವಾಗ ಅದರ ಕಾಗದಗಳು ಮಂಗಳೂರು, ಕಣ್ಣೂರು, ಕಾಸರಗೋಡು ಎಂದು ಮೂರು ಕಡೆಗೆ, ಮೂರು ಭಾಷೆಗಳಲ್ಲಿ ಹರಿದು ಹಂಚಿಹೋಗಿರುತ್ತವೆ. ಊರಿನ ಗ್ರಂಥಾಲಯ ಮಾತ್ರ ಎಲ್ಲಿಗೂ ವರ್ಗವಾಗಿಲ್ಲ. 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಕಾಲದಲ್ಲಿ ಕೊಂಡದ್ದೂ 1989ರ ಕೇರಳದ ಕಾಯಿದೆಯ ನಂತರ ಅನುದಾನದಲ್ಲಿ ಬಂದದ್ದೂ ಅಲ್ಲಿ ಒಂದೇ ಧೂಳನ್ನು ಹೊದ್ದುಕೊಂಡು ಕುಳಿತಿವೆ.

ಆ ಮೇಲೆ ನಾನು ಕಥೆ ಕಾದಂಬರಿಗಳ ಕಪಾಟನ್ನು ಬಿಟ್ಟು ಯಾರೂ ಮುಟ್ಟದ ಕೆಳಗಿನ ಅಡ್ಡಹಲಗೆಗೆ ಬಂದೆ. ದೇವಸ್ಥಾನಗಳ ಬ್ರಹ್ಮಕಲಶದ ಸ್ಮರಣ ಸಂಚಿಕೆಗಳು, ಶಾಲೆಗಳ ಶತಮಾನೋತ್ಸವದ ಸಂಚಿಕೆಗಳು, ಸಹಕಾರಿ ಸಂಘದ ಸುವರ್ಣ ಮಹೋತ್ಸವದ್ದು, ಯಾರದೋ ಷಷ್ಟ್ಯಬ್ದಿಯ ಅಭಿನಂದನ ಗ್ರಂಥ, ಯಕ್ಷಗಾನ ಸಂಘದ ವರದಿ. ಸಾಹಿತ್ಯದ ಕಣ್ಣಿನಿಂದ ನೋಡಿದರೆ ಇವುಗಳಲ್ಲಿ ಓದುವಂತಹದು ಕಡಿಮೆ. ಮಂತ್ರಿಗಳ ಶುಭಸಂದೇಶ, ಸಿಮೆಂಟ್ ಅಂಗಡಿಯ ಜಾಹೀರಾತು, "ನಡೆದು ಬಂದ ದಾರಿ" ಎಂಬ ಲೇಖನ. ಆದರೆ ಹಿಂದಿನ ಪುಟಗಳಲ್ಲಿ ಪಟ್ಟಿಗಳಿರುತ್ತವೆ. ಸೇವೆ ಮಾಡಿಸಿದವರ ಪಟ್ಟಿ, ಮೊದಲ ಪಾಲು ಬಂಡವಾಳ ಹಾಕಿದವರ ಪಟ್ಟಿ, ಶಾಲೆಗೆ ಜಾಗ ಬಿಟ್ಟವರ ಪಟ್ಟಿ. ಎಲ್ಲವೂ ಮನೆ ಹೆಸರಿನ ಸಮೇತ. ಅಡೂರು, ಮಧೂರು, ಕಾವು, ಕಣ್ಯಾರ ಎಂದು ಸೀಮೆಯ ನಾಲ್ಕು ದೇವಸ್ಥಾನಗಳನ್ನು ನಮ್ಮ ಹಿರಿಯರು ಒಂದೇ ಉಸಿರಿಗೆ ಹೇಳುತ್ತಿದ್ದರು. ಸೀಮೆಯ ಯಾವ ಮನೆಯೂ ಇವುಗಳಲ್ಲಿ ಒಂದರ ಪಟ್ಟಿಯಲ್ಲಾದರೂ ಸಿಕ್ಕದೆ ಇರುವುದಿಲ್ಲ. ನನಗೆ ಹನ್ನೊಂದು ಹೊಸಮನೆಗಳು ಸಿಕ್ಕವು. ಹನ್ನೊಂದೂ ಈಗ ಇರುವ ಮನೆಗಳು, ಪೇಟೆಗೆ ಬರುವವರ ಮನೆಗಳು. ಒಬ್ಬೊಬ್ಬರನ್ನಾಗಿ ವಿಚಾರಿಸಿದೆ. ನಮ್ಮ ಅಜ್ಜಿಯ ಮನೆಗೆ ಹೆಣ್ಣು ಕೊಟ್ಟ ನೆನಪು ಯಾರಿಗೂ ಇರಲಿಲ್ಲ.

ಹನ್ನೆರಡನೆಯದು ಸಿಕ್ಕಿದ್ದು ಶಿರಿಯ ಹೊಳೆಯ ಆಚೆಗಿನ ಒಂದು ಶಾಲೆಯ ಸಂಚಿಕೆಯಲ್ಲಿ. ಹಳೆಯ ದಾಖಲಾತಿ ಪುಸ್ತಕದ ಒಂದು ಪುಟವನ್ನು ಅಲಂಕಾರಕ್ಕೆಂದು ಫೋಟೋ ತೆಗೆದು ಅಚ್ಚು ಹಾಕಿದ್ದರು. ವಿದ್ಯಾರ್ಥಿಯ ಹೆಸರು, ಪೋಷಕರ ಹೆಸರು, ಮನೆ, ಸೇರಿದ ತಾರೀಕು, ಬಿಟ್ಟ ತಾರೀಕು. ನಾಲ್ಕನೆಯ ಸಾಲಿನಲ್ಲಿ ಹೊಸಮನೆಯ ಒಬ್ಬ ಹುಡುಗ. ಸೇರಿದ್ದು 1913ರಲ್ಲಿ, ಬಿಟ್ಟದ್ದು 1918ರಲ್ಲಿ. ಬಿಟ್ಟ ಕಾರಣ ಬರೆಯುವ ಕಾಲಮ್ಮು ಬಲತುದಿಯಲ್ಲಿ ಇದ್ದಿರಬೇಕು. ಸಂಚಿಕೆಯ ಪುಟದ ಅಳತೆಗೆ ಹೊಂದಿಸಲು ಮುದ್ರಣದವರು ಅದನ್ನೇ ಕತ್ತರಿಸಿದ್ದರು. ಮೂಲ ಪುಸ್ತಕ ಸಂಚಿಕೆಯ ಕೆಲಸಕ್ಕೆಂದು ಹೊರಗೆ ಹೋದದ್ದು ಶಾಲೆಗೆ ಹಿಂತಿರುಗಲಿಲ್ಲವಂತೆ. ಶತಮಾನೋತ್ಸವ ಮಾಡುವ ಉತ್ಸಾಹದಲ್ಲಿ ನೂರು ವರ್ಷ ಉಳಿದುಬಂದದ್ದನ್ನು ಕಳೆದುಕೊಳ್ಳುವುದು ನಮ್ಮ ಊರುಗಳಲ್ಲಿ ಅಪರೂಪವೇನಲ್ಲ. ಸಿಟ್ಟು ಬಂದರೂ ಆ ಒಂದು ಫೋಟೋವಾದರೂ ಅಚ್ಚಾಯಿತಲ್ಲ ಎಂದು ಸುಮ್ಮನಾದೆ. ಶಿರಿಯ ಹೊಳೆಯ ಆಚೆ ಹೊಸಮನೆ ಎಂಬ ಮನೆ ಇತ್ತು ಎಂಬುದಕ್ಕೆ ಅದೊಂದೇ ಸಾಕ್ಷಿ. ಅಲ್ಲಿನವರನ್ನು ಕೇಳಿದರೆ ಅಂತಹ ಮನೆಯೇ ಇಲ್ಲವೆಂದರು.

ಹಳೆಯ ಪಂಚಾಂಗ

ಕಳೆದ ಮಳೆಗಾಲದ ಒಂದು ಶನಿವಾರ ಗ್ರಂಥಾಲಯದ ಮೂಲೆಯಲ್ಲಿ ಎರಡು ಗೋಣಿಚೀಲಗಳನ್ನು ಕಂಡೆ. ಹೊಳೆಯಾಚೆಯ ಒಂದು ಮನೆಯವರು ಜಾಗ ಮಾರಿ ಮೈಸೂರಿಗೆ ಹೋಗುವಾಗ ತಮ್ಮ ಅಟ್ಟದಲ್ಲಿದ್ದ ಪುಸ್ತಕಗಳನ್ನೆಲ್ಲ ತಂದು ಕೊಟ್ಟಿದ್ದರು. ಗ್ರಂಥಪಾಲಕಿ ಪುರಾಣ, ಪ್ರಸಂಗ, ಕಾದಂಬರಿಗಳನ್ನು ಬೇರ್ಪಡಿಸಿ ಸೇರ್ಪಡೆ ಪುಸ್ತಕದಲ್ಲಿ ಬರೆದಾಗಿತ್ತು. ಉಳಿದದ್ದು ಒಂದು ಗೋಣಿಯಷ್ಟು ಪಂಚಾಂಗ. "ಟೀಚರೇ, ಅದು ಗುಜರಿಗೆ ಕೊಡ್ಲಿಕ್ಕೆ ಇಟ್ಟದ್ದು. ಹಳೇ ಪಂಚಾಂಗ ಯಾರಿಗೆ ಬೇಕು?" ಎಂದಳು. ಅವಳದೇನೂ ತಪ್ಪಿಲ್ಲ. ಕನ್ನಡದಲ್ಲಿ ಹಳೇ ಪಂಚಾಂಗ ಎನ್ನುವುದು ಬೈಗುಳವೇ ಆಗಿದೆ. ಯುಗಾದಿ ಕಳೆದ ಮರುದಿನದಿಂದ ಪಂಚಾಂಗದಷ್ಟು ನಿರುಪಯೋಗಿಯಾದ ಅಚ್ಚಿನ ವಸ್ತು ಇನ್ನೊಂದಿಲ್ಲ.

ಆದರೆ ಹಿಂದಿನ ಕಾಲದಲ್ಲಿ ಮನೆಯ ಯಜಮಾನನ ಕೈಗೆ ದಿನಾ ಸಿಗುತ್ತಿದ್ದ ಒಂದೇ ಒಂದು ಪುಸ್ತಕ ಅದು, ಮತ್ತು ಅದರಲ್ಲಿ ತಾರೀಕು ಮೊದಲೇ ಅಚ್ಚಾಗಿರುತ್ತಿತ್ತು. ತಿಥಿ ನಕ್ಷತ್ರಗಳ ಪಕ್ಕದ ಖಾಲಿ ಅಂಚಿನಲ್ಲಿ ಶಾಯಿಯಿಂದ ಎರಡು ಶಬ್ದ ಗೀಚಿದರೆ ಮುಗಿಯಿತು. ದನ ಕರು ಹಾಕಿದ್ದು, ಅಡಿಕೆಗೆ ಮೊದಲ ಮದ್ದು ಬಿಟ್ಟದ್ದು, ಒಕ್ಕಲಿನವನಿಗೆ ಭತ್ತ ಕೊಟ್ಟದ್ದು, ಗುಡುಗು ಬಂದದ್ದು, ನೆಂಟರು ಬಂದದ್ದು. ಗೋಣಿಯ ಬಾಯಿ ಬಿಚ್ಚಿ ಒಂದು ಕಟ್ಟನ್ನು ಮೇಲೆತ್ತಿದಾಗ ನನಗೆ ಕಂಡದ್ದು ಇಂತಹ ಅಂಚುಗಳು, ಸುಮಾರು ನಲವತ್ತು ವರ್ಷಗಳಷ್ಟು. ಬರೆದದ್ದು ಒಂದೇ ಕೈ. ಮೊದಲಿಗೆ ನೇರವಾಗಿದ್ದ ಅಕ್ಷರ ಕೊನೆಯ ವರ್ಷಗಳಲ್ಲಿ ನಡುಗುತ್ತದೆ.

ಈ ಅಂಚುಗಳನ್ನು ಓದುವುದಕ್ಕೆ ಸ್ವಲ್ಪ ಅಭ್ಯಾಸ ಬೇಕು. ಇಸವಿ ಎಲ್ಲಿಯೂ ಇರುವುದಿಲ್ಲ. ಸಂವತ್ಸರದ ಹೆಸರು, ಸೌರಮಾಸ, "ಇಷ್ಟು ಸಲ್ಲುವ" ಎಂಬ ದಿನದ ಲೆಕ್ಕ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುವುದರಿಂದ ಕ್ರೋಧಿ ಎಂದರೆ 1904ಕ್ಕೂ ಆಗಬಹುದು, 1964ಕ್ಕೂ ಆಗಬಹುದು. ಅಜ್ಜನ ಹೆಸರು ಮೊಮ್ಮಗನಿಗೆ ಇಟ್ಟ ಹಾಗೆಯೇ ಇದು ಕೂಡ. ಮಲಯಾಳದವರ ಲೆಕ್ಕ ಕೊಲ್ಲವರ್ಷದ್ದು. ಅದರಲ್ಲಿಯೂ ತೆಂಕಣದವರಿಗೆ ಸಿಂಹ ಮಾಸಕ್ಕೆ ವರ್ಷ ಹುಟ್ಟಿದರೆ ಬಡಗು 'ಮಲಬಾರಿ'ನವರಿಗೆ ಕನ್ಯಾ ಮಾಸಕ್ಕೆ ಹುಟ್ಟುತ್ತದೆ, ಆದ್ದರಿಂದ ಸಿಂಹ ಮಾಸದ ಒಂದು ತಿಂಗಳ ದಾಖಲೆ ಯಾವ ವರ್ಷಕ್ಕೆ ಸೇರಿದ್ದು ಎಂಬುದು ಬರೆದವನ ಊರಿನ ಮೇಲೆ ಹೋಗುತ್ತದೆ. ಹಿಂದೊಮ್ಮೆ ಇದೇ ಗ್ರಂಥಾಲಯದಲ್ಲಿ ಒಂದು ಮಲಯಾಳ ಬರಹದ "ತೊಂಬತ್ತೊಂಬತ್ತರ ನೆರೆ"ಯನ್ನು ನಾನು 1999ರದ್ದೆಂದು ಎಣಿಸಿ, ಆ ವರ್ಷ ಅಂತಹ ಮಳೆಯೇ ಬಂದಿರಲಿಲ್ಲವಲ್ಲ ಎಂದು ವಾದಿಸಿದ್ದೆ. ಅದು ಕೊಲ್ಲವರ್ಷ 1099, ಅಂದರೆ 1924ರ ಮಹಾಪ್ರವಾಹ ಎಂದು ಗ್ರಂಥಪಾಲಕಿ ತಿದ್ದಿದಳು. ಅವಳ ಊರಿನಲ್ಲಿ ಚಿಕ್ಕ ಮಕ್ಕಳಿಗೂ ಅದು ಗೊತ್ತಂತೆ.

ನಾನು ಹುಡುಕಿದ್ದು ಕಾಲಯುಕ್ತಿ ಸಂವತ್ಸರವನ್ನು. ಶಾಲೆಯ ಪುಟದಲ್ಲಿದ್ದ 1918 ಎಂಬ ಇಸವಿ ಅದರೊಳಗೆ ಬೀಳುತ್ತದೆ. ಆ ವರ್ಷದ ಪಂಚಾಂಗಕ್ಕೆ ಹೊದಿಕೆ ಇರಲಿಲ್ಲ. ಇಲಿ ಒಂದು ಮೂಲೆಯನ್ನು ತಿಂದಿತ್ತು. ಕನ್ಯಾ ಮಾಸದ ತನಕ ಎಂದಿನ ಹಾಗೆ ದನ, ಭತ್ತ, ಮಳೆ. ತುಲಾ ಮಾಸದ ಪುಟದಲ್ಲಿ ಅಂಚಿನ ಬರವಣಿಗೆ ಒಮ್ಮೆಲೇ ದಟ್ಟವಾಗುತ್ತದೆ. "ಜ್ವರ" ಎಂಬ ಶಬ್ದ ದಿನಕ್ಕೊಂದರಂತೆ ಬರುತ್ತದೆ, ಒಂದೊಂದು ಮನೆಯ ಹೆಸರಿನ ಜೊತೆ. ಮನೆಯ ಹೆಸರು, ಪಕ್ಕದಲ್ಲಿ ಒಂದು ಅಂಕಿ. ಮೊದಲ ಬಾರಿಗೆ ಆ ಅಂಕಿ ಏನೆಂದು ನನಗೆ ಹೊಳೆಯಲಿಲ್ಲ. ಭತ್ತದ ಮುಡಿಯ ಲೆಕ್ಕವಿರಬೇಕೆಂದು ಓದುತ್ತಾ ಹೋದೆ. ಆಮೇಲೆ ಈ ಸಾಲು ಬಂತು: "ಹೊಸಮನೆ ಇಂದಿಗೆ ನಾಲ್ಕು. ಕೊಟ್ಟ ಕೂಸಿಗೆ ಹೇಳಿಕೆ ಕಳುಹಿಸಿದ್ದು. ಹೊಳೆ ತುಂಬಿ ಕಡವು ಇಲ್ಲ." ಕಡವು ಇಲ್ಲ ಎಂದರೆ ದೋಣಿ ನಿಂತಿದೆ, ಕೊಟ್ಟ ಕೂಸು ಎಂದರೆ ಮದುವೆ ಮಾಡಿ ಕೊಟ್ಟ ಹುಡುಗಿ. ಕೊಟ್ಟ ಕೂಸು ಎಂಬುದರ ಮೇಲೆ, ಎರಡು ಸಾಲುಗಳ ನಡುವೆ ತುರುಕಿದ ಹಾಗೆ, ಯಾವ ಮನೆಗೆ ಕೊಟ್ಟದ್ದು ಎಂದು ಬರೆದಿತ್ತು. ಅದು ನನ್ನ ಅಜ್ಜಿ ಹುಟ್ಟಿದ ಮನೆಯ ಹೆಸರು.

ಹೊರಗೆ ಕೇರಂ ಆಡುವ ಹುಡುಗರ ಗದ್ದಲ ನಡೆದೇ ಇತ್ತು. ಗ್ರಂಥಪಾಲಕಿ ಬಂದು ಏನಾಯಿತೆಂದು ಕೇಳಿದಳು, ಓದಿ ಹೇಳಿದೆ. ಅವಳು ಒಂದು ಸ್ಟೂಲು ತಂದು ಪಕ್ಕದಲ್ಲಿ ಕುಳಿತಳು. ಮುಂದಿನ ಪುಟವನ್ನು ಇಬ್ಬರೂ ಸೇರಿ ಓದಿದೆವು. ಐದು ದಿನಗಳ ಬಳಿಕ "ಹೊಸಮನೆ ಐದು", ಅದರ ಕೆಳಗೆ "ಮಾಣಿ ಉಳಿದ". ಮಾಣಿ ಎಂದರೆ ನಮ್ಮಲ್ಲಿ ಹುಡುಗ. ಮತ್ತೆ ವೃಶ್ಚಿಕ ಮಾಸದಲ್ಲಿ ಒಂದು ಸಾಲು: "ಉಳಿದ ಮಾಣಿ ಘಟ್ಟಕ್ಕೆ ಹೋದದ್ದು." ಶಾಲೆಯ ಪುಸ್ತಕದ ನಾಲ್ಕನೆಯ ಸಾಲಿನ ಹುಡುಗ ಇವನೇ ಇರಬಹುದು. ಘಟ್ಟದ ಮೇಲೆ ಅವನು ಏನಾದನೋ, ಆ ಪಂಚಾಂಗಗಳಲ್ಲಿ ಮತ್ತೆಲ್ಲೂ ಅವನಿಲ್ಲ.

1918ರ ಇನ್‌ಫ್ಲುಯೆಂಜಾ ಆ ವರ್ಷದ ಬೇಸಗೆಯ ಕೊನೆಗೆ ಬೊಂಬಾಯಿ ಬಂದರಿಗೆ ಬಂದಿಳಿಯಿತೆಂದೂ, ಮಳೆಗಾಲ ಕಳೆದು ಎರಡನೆಯ ಸಲ ಎದ್ದಾಗ ದೇಶದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ಕೊಂಡೊಯ್ಯಿತೆಂದೂ ನಾನು ಓದಿದ್ದೆ, ಮಕ್ಕಳಿಗೆ ಹೇಳಿಯೂ ಇದ್ದೆ. ಕೋಟಿಯ ಲೆಕ್ಕ ಪಾಠಕ್ಕೆ ಒದಗುತ್ತದೆ. ಹೊಸಮನೆಯ ಲೆಕ್ಕ ಐದರದು, ಮತ್ತು ಅದನ್ನು ಯಾವ ಕಚೇರಿಯ ಸೂಚಿಯೂ ನನಗೆ ತೋರಿಸುತ್ತಿರಲಿಲ್ಲ. ಮುತ್ತಜ್ಜಿಗೆ ಆಗ ಹದಿಮೂರೋ ಹದಿನಾಲ್ಕೋ ಆಗಿದ್ದಿರಬೇಕು. ಮದುವೆಯಾಗಿ ಒಂದೆರಡು ವರ್ಷ. ಹೇಳಿಕೆ ಅವಳಿಗೆ ಯಾವಾಗ ತಲುಪಿತೆಂದು ಬರೆದವರಿಲ್ಲ. ಕಡವು ಪುನಃ ಪ್ರಾರಂಭವಾದಾಗ ಅವಳು ಹೋಗಬೇಕಾದರೂ ಎಲ್ಲಿಗೆ? ಹಟ ಎಂದು ನಾವು ನೂರು ವರ್ಷ ಹೇಳಿಕೊಂಡು ಬಂದದ್ದು ಇದನ್ನು.

ಒಂದು ವಿಷಯವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಇಷ್ಟು ವರ್ಷ ನಾನು ನಮ್ಮ ಮನೆಯ ಪೆಟ್ಟಿಗೆಗಳನ್ನೇ ಜಾಲಾಡಿದ್ದೆ. ನಮ್ಮ ಕುಟುಂಬದ ಚರಿತ್ರೆ ನಮ್ಮಲ್ಲಿಯೇ ಇರಬೇಕೆಂದು ಯಾರಿಗಾದರೂ ತೋರುತ್ತದೆ. ಆದರೆ ಮನೆಯವರು ತಮಗೆ ಗೊತ್ತಿದ್ದುದನ್ನು ಬರೆದಿಡುವುದಿಲ್ಲ. ಗೊತ್ತಿದೆಯಲ್ಲ ಎಂಬುದೇ ಅದಕ್ಕೆ ಕಾರಣ. ದುಃಖವನ್ನಂತೂ ಬರೆಯುವುದೇ ಇಲ್ಲ. ಬರೆಯುವವನು ನೆರೆಯವನು, ಹೇಳಿಕೆ ಕಳುಹಿಸಬೇಕಾದವನು, ಭತ್ತದ ಬಾಕಿ ಇರುವವನು. ಮುಖ್ಯವಾಗಿ ಹೆಣ್ಣುಮಕ್ಕಳ ಮಟ್ಟಿಗೆ ಇದು ನಿಜ. ಹುಟ್ಟಿದ ಮನೆಯ ಕಾಗದದಿಂದ ಹೊರಗೆ ಹೋದವಳು, ಬಂದ ಮನೆಯ ಕಾಗದಕ್ಕೆ ಹೆಸರಿಲ್ಲದೆ ಬಂದವಳು, ಮೂರನೆಯ ಮನೆಯ ಅಂಚಿನಲ್ಲಿ "ಕೊಟ್ಟ ಕೂಸು" ಎಂದಾದರೂ ಇರುತ್ತಾಳೆ. ಆ ಮೂರನೆಯ ಮನೆಯ ಅಟ್ಟಕ್ಕೆ ನಾನು ಹೋಗಿ ಪಂಚಾಂಗ ತೋರಿಸಿ ಎಂದು ಕೇಳುವ ಹಾಗಿರಲಿಲ್ಲ, ಅಂತಹ ಮನೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಅದು ಗ್ರಂಥಾಲಯಕ್ಕೆ ಬಂದದ್ದರಿಂದ ನನಗೆ ಸಿಕ್ಕಿತು. ಬೇರೆಯವರ ಕಾಗದವನ್ನು ಅನುಮತಿ ಕೇಳದೆ ಓದಬಹುದಾದ ಜಾಗ ಊರಿನಲ್ಲಿ ಅದೊಂದೇ.

ಅನುಮತಿ ಕೇಳದೆ ಎಂದಾಗ ಒಂದು ಅಳುಕೂ ಇದೆ. ಅದೇ ಅಂಚುಗಳಲ್ಲಿ ಯಾರು ಯಾರಿಗೆ ಸಾಲ ಕೊಟ್ಟರು, ಯಾವ ಮನೆಯ ಜಗಳಕ್ಕೆ ಯಾರು ಪಂಚಾಯಿತಿ ಮಾಡಿದರು, ಯಾರ ಮಗ ಓಡಿಹೋದ ಎಂಬುದೂ ಇದೆ. ಅವರ ಮೊಮ್ಮಕ್ಕಳು ಸಂಜೆ ಅದೇ ಜಗಲಿಯಲ್ಲಿ ಪತ್ರಿಕೆ ಓದುತ್ತಾರೆ. ಹೊಸಮನೆಗೆ ಸಂಬಂಧಪಟ್ಟ ಸಾಲುಗಳನ್ನು ಮಾತ್ರ ನಕಲು ಮಾಡಿಕೊಂಡೆ. ಉಳಿದದ್ದನ್ನು ನೋಡಿಯೂ ನೋಡದ ಹಾಗೆ ಪುಟ ಮಗುಚಿದೆ. ಮನೆಗಳ ಹೆಸರುಗಳನ್ನು ಇಲ್ಲಿ ಬರೆಯದಿರುವುದೂ ಅದಕ್ಕಾಗಿಯೇ.

ಪೊಸಿಲ್ಲ್

ಮುಂದಿನ ವರ್ಷ, ಸಿದ್ಧಾರ್ಥಿ ಸಂವತ್ಸರದ ಪಂಚಾಂಗದಲ್ಲಿ, ಇನ್ನೊಂದು ಸಾಲಿತ್ತು: "ಹೊಸಮನೆ ಗದ್ದೆ ಚಾಲಗೇಣಿಗೆ, ಅಕ್ಕಿ ಮುಡಿ 11." ಇದನ್ನು ಬಿಡಿಸಿಕೊಳ್ಳಲು ಗ್ರಂಥಾಲಯದಲ್ಲಿದ್ದ ಸ್ಟರಕ್‌ನ ದಕ್ಷಿಣ ಕನ್ನಡ ಜಿಲ್ಲೆಯ ಕೈಪಿಡಿ ಉಪಯೋಗಕ್ಕೆ ಬಂತು. 1894ರ ಆ ಇಂಗ್ಲಿಷ್ ಪುಸ್ತಕದಲ್ಲಿ ನಮ್ಮಂತಹವರ ಮನೆಗಳ ಸುದ್ದಿಯೇನೂ ಇಲ್ಲ, ಆದರೆ ಭೂಮಿಯ ಹಕ್ಕುಗಳ ವಿವರ ಇದೆ. ಮೂಲಗೇಣಿ ಎಂದರೆ ಗೇಣಿ ಏರಿಸದೆ ತಲೆಮಾರಿನಿಂದ ತಲೆಮಾರಿಗೆ ಸಾಗುವ ಶಾಶ್ವತ ಒಕ್ಕಲುತನ. ಚಾಲಗೇಣಿ ವರ್ಷದಿಂದ ವರ್ಷಕ್ಕೆ. 42 ಸೇರಿನ ಹನ್ನೊಂದು ಮುಡಿ ಅಕ್ಕಿಗೆ ಹೊಸಮನೆಯ ಗದ್ದೆ ಇನ್ನೊಬ್ಬರ ಕೈಗೆ ಹೋಯಿತು. ಚಾಲಗೇಣಿಗೆ ಕೊಟ್ಟವರಿಗೆ ಮಾಣಿ ಘಟ್ಟದಿಂದ ತಿರುಗಿ ಬಂದಾನೆಂಬ ಎಣಿಕೆ ಇತ್ತೋ ಏನೋ. ಬಂದಿದ್ದರೆ ಮನೆ ಉಳಿಯುತ್ತಿತ್ತು. 1970ರಲ್ಲಿ ಕೇರಳದ ಭೂಸುಧಾರಣೆಯಿಂದ ಒಕ್ಕಲುಗಳೇ ಒಡೆಯರಾಗುವ ಹೊತ್ತಿಗೆ ಹೊಸಮನೆ ಎಂಬ ಹೆಸರು ಬರೆಯಿಸುವವರೇ ಇರಲಿಲ್ಲ.

ಜಾಗವನ್ನು ಕಂಡುಹಿಡಿದವಳು ನಾನಲ್ಲ, ಗ್ರಂಥಪಾಲಕಿ. 1996ರ ಜನಕೀಯ ಯೋಜನೆಯ ಕಾಲದಲ್ಲಿ ಕೇರಳದ ಗ್ರಾಮ ಪಂಚಾಯತುಗಳು ತಮ್ಮ ತಮ್ಮ ವಿಕಸನ ರೇಖೆಗಳನ್ನು ತಯಾರಿಸಿದವು. ಊರಿನ ಚರಿತ್ರೆಯಿಂದ ಹಿಡಿದು ಬಾವಿ, ತೋಡು, ಕೆರೆಗಳ ಸ್ಥಿತಿಗತಿಯವರೆಗೆ ಅದರಲ್ಲಿ ಬರೆಯಲಾಗಿದೆ. ಹೊಳೆಯಾಚೆಯ ಪಂಚಾಯತಿನದ್ದೂ ಬಲಗಡೆಯ ಕಪಾಟಿನಲ್ಲಿತ್ತು. ಎಷ್ಟೋ ಸಲ ಅದರ ಬೆನ್ನನ್ನು ನೋಡಿದ್ದೇನೆ, ಮಲಯಾಳವೆಂದು ಕೈಗೆತ್ತಿಕೊಂಡಿರಲಿಲ್ಲ. ಅವಳು ಬೆರಳಿಟ್ಟು ಓದುತ್ತಾ ಹೋಗಿ ಹೂಳು ತುಂಬಿದ ಕೆರೆಗಳ ಪಟ್ಟಿಯಲ್ಲಿ ನಿಂತಳು. "ಟೀಚರೇ, ಇಲ್ಲೊಂದು ಪೊಸಿಲ್ಲ್ ಕುಳಂ ಅಂತ ಇದೆ. ಪೊಸಿಲ್ಲ್ ಅಂದ್ರೆ ಎಂತ?" ಅವಳಿಗೆ ತುಳು ಬಾರದು. ನನಗೆ ಬರುತ್ತದೆ. ಪೊಸ ಇಲ್ಲ್, ಹೊಸ ಮನೆ. ಆ ಮನೆಯಲ್ಲಿ ಕೆಲಸ ಮಾಡಿದವರು, ಗದ್ದೆ ಉತ್ತವರು ತುಳುವರು; ಅವರ ಬಾಯಲ್ಲಿ ಹೊಸಮನೆ ಪೊಸಿಲ್ಲಾಗಿ, ಮನೆಯವರು ಹೋದ ಮೇಲೂ ಕೆರೆಗೆ ಅಂಟಿಕೊಂಡು ಉಳಿದು, ಎಂಬತ್ತು ವರ್ಷಗಳ ನಂತರ ಮಲಯಾಳ ಲಿಪಿಯಲ್ಲಿ ಒಂದು ಕೋಷ್ಟಕದೊಳಗೆ ಹೋಗಿ ಕುಳಿತಿತ್ತು. ನಾನು ಕನ್ನಡದಲ್ಲಿ ಹೊಸಮನೆ ಎಲ್ಲಿ ಎಂದು ಕೇಳಿದಾಗ ಅಂತಹ ಮನೆ ಇಲ್ಲ ಎಂದವರು ಸುಳ್ಳು ಹೇಳಿರಲಿಲ್ಲ. ಅವರಿಗೆ ಗೊತ್ತಿದ್ದುದು ಪೊಸಿಲ್ಲ್.

ಪಂಚಾಂಗಗಳು ಗುಜರಿಗೆ ಹೋಗಲಿಲ್ಲ. ಅವುಗಳನ್ನು ಸೇರ್ಪಡೆ ಪುಸ್ತಕದಲ್ಲಿ ಬರೆದುಕೊಳ್ಳಲು ಕುಳಿತಾಗ ಕರ್ತೃವಿನ ಕಾಲಮ್ಮಿಗೆ ಏನು ಹಾಕುವುದೆಂದು ಅವಳು ಕೇಳಿದಳು. ಗಣಿಸಿದವರ ಹೆಸರು ಮುಖಪುಟದಲ್ಲಿ ಅಚ್ಚಾಗಿತ್ತು, ಅದನ್ನೇ ಹಾಕಬಹುದಿತ್ತು. ಅಂಚಿನಲ್ಲಿ ಬರೆದ ಯಜಮಾನರ ಹೆಸರು ನಲವತ್ತು ವರ್ಷಗಳ ಪುಟಗಳಲ್ಲಿ ಒಂದು ಕಡೆಯೂ ಇಲ್ಲ. ಷರಾ ಕಾಲಮ್ಮಿನಲ್ಲಿ "ಕೈಬರಹ ಇದೆ" ಎಂದು ಬರೆಯಲು ಹೇಳಿದೆ. ಅವಳು ಮಲಯಾಳದಲ್ಲಿ ಬರೆದಳು.

ಕೆರೆಯನ್ನು ನೋಡಲು ಕುಂಭ ಮಾಸದಲ್ಲಿ ಹೋದೆ. ಈಗ ಹೊಳೆಗೆ ಸೇತುವೆ ಇದೆ. ಬಸ್ಸು ಇಳಿದು ರಬ್ಬರ್ ತೋಟದ ನಡುವೆ ಅರ್ಧ ಗಂಟೆಯ ನಡಿಗೆ. ಮನೆಯ ಗುರುತಾಗಿ ಮುರಕಲ್ಲಿನ ನಾಲ್ಕು ಮೆಟ್ಟಿಲುಗಳು ಮಾತ್ರ ಇವೆ, ಅವು ಎಲ್ಲಿಗೂ ಹತ್ತುವುದಿಲ್ಲ. ಕೆರೆ ಮಾತ್ರ ಇದೆ, ಒಂದು ಬದಿ ಕುಸಿದಿದೆ. ಅಲ್ಲಿ ಸೊಪ್ಪು ಕಡಿಯುತ್ತಿದ್ದ ಒಬ್ಬರು ನಾನು ಯಾರೆಂದು ಕೇಳಿದರು. ಪೊಸಿಲ್ಲ್‌ನವರು ಎಂದೆ, ತುಳುವಿನಲ್ಲಿ. ಅವರಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ರಾತ್ರಿ ಅಮ್ಮನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಜ್ವರ, ಕಡವು, ಐವರು, ಘಟ್ಟಕ್ಕೆ ಹೋದ ಮಾಣಿ. ಚಿನ್ನದ ಕಥೆಯೂ ಊಟದ ಕಥೆಯೂ ಸುಳ್ಳು ಎಂದೆ. ನಕಲು ಮಾಡಿ ತಂದ ಕಾಗದವನ್ನು ಮುಂದಿಟ್ಟೆ. ಕನ್ನಡಕ ಹಾಕಿಕೊಂಡು "ಕೊಟ್ಟ ಕೂಸು" ಎಂಬಲ್ಲಿಗೆ ಎರಡು ಸಲ ಬೆರಳು ತಂದಳು, ಏನೂ ಹೇಳಲಿಲ್ಲ. ಕಾಗದವನ್ನು ಮಡಚಿ ನನಗೆ ಕೊಟ್ಟು ದೀಪ ಸಣ್ಣದು ಮಾಡಲು ಎದ್ದವಳು ಬಾಗಿಲ ಬಳಿ ತಿರುಗಿ ನಿಂತಳು.

"ಕೆರೆಲಿ ನೀರಿದ್ದೊ?"

ಇದ್ದು, ಎಂದೆ. ಈ ಬಿಸಿಲಿನಲ್ಲಿಯೂ ಮೂರು ಮೆಟ್ಟಿಲು ಮುಳುಗುವಷ್ಟು ಇದ್ದು.